ಓದದೆ ಹಾಕುವ ಅಪೀಲುಗಳು

ಕಳೆದ ತಿಂಗಳು ಕಾನೂನು ಕಾಲೇಜೊಂದರಲ್ಲಿ ಮೇಲ್ಮನವಿ ನಡೆಸುವ ಬಗೆಯ ಕುರಿತು ಮಾತನಾಡಲು ಕರೆದಿದ್ದರು. ಮಾತು ಮುಗಿದ ಮೇಲೆ ಕೊನೆಯ ವರ್ಷದ ಹುಡುಗನೊಬ್ಬ ಎದ್ದು ನಿಂತ. 'ಸರ್, ಹೈಕೋರ್ಟಿನಲ್ಲಿ ಅಪೀಲು ನಡೆಸುವಷ್ಟು ಇಂಗ್ಲಿಷ್ ಬರಬೇಕಾದರೆ ಯಾವ ಪುಸ್ತಕ ಓದಬೇಕು?' ಎಂದು ಕೇಳಿದ. 'ಮೊದಲು ಕನ್ನಡದಲ್ಲಿರುವ ಸಾಕ್ಷಿ ಹೇಳಿಕೆಗಳನ್ನು ಓದಪ್ಪ' ಎಂದೆ. ಸಭೆ ನಕ್ಕಿತು. ವೇದಿಕೆಯ ಮೇಲಿದ್ದ ನನ್ನ ಸಹೋದ್ಯೋಗಿಗಳೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆ ಹುಡುಗನಿಗೆ ಅಂದು ಸರಿಯಾಗಿ ವಿವರಿಸಲು ಸಮಯವಿರಲಿಲ್ಲ. ನಕ್ಕವರಿಗಂತೂ ವಿವರಿಸಲೇಬೇಕು.

ಇಪ್ಪತ್ತೆರಡು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ, ನಾವು ಸೋಲುವ ಅಪೀಲುಗಳಲ್ಲಿ ಎಷ್ಟೋ ಕಾನೂನಿನಲ್ಲಿ ಸೋಲುವುದಿಲ್ಲ, ಓದಿನಲ್ಲಿ ಸೋಲುತ್ತವೆ. ನಾವು ಕಡತ ಓದುವುದಿಲ್ಲ. ಓದಿದರೂ ತೀರ್ಪನ್ನು ಓದುತ್ತೇವೆ, ಸಾಕ್ಷ್ಯವನ್ನು ಓದುವುದಿಲ್ಲ. ಸಾಕ್ಷ್ಯ ಓದಿದರೂ ಅದರ ಇಂಗ್ಲಿಷ್ ಅನುವಾದವನ್ನು ಓದುತ್ತೇವೆ, ಮೂಲದ ಕನ್ನಡವನ್ನು ಓದುವುದಿಲ್ಲ. ಹೀಗೆ ಮೂರು ಮೆಟ್ಟಿಲು ದೂರ ನಿಂತು, ಯಾರದೋ ಜಮೀನು ಯಾರದೆಂದು ವಾದಿಸುತ್ತೇವೆ.

ಕಾನೂನು ಓದದವರಿಗಾಗಿ ಒಂದಿಷ್ಟು ಹಿನ್ನೆಲೆ ಹೇಳಬೇಕು. ಸಿನಿಮಾದಲ್ಲಿ ನೀವು ನೋಡುವ ಕೋರ್ಟು ವಿಚಾರಣಾ ನ್ಯಾಯಾಲಯ. ಅಲ್ಲಿ ಕಟಕಟೆ ಇದೆ, ಸಾಕ್ಷಿ ಇದ್ದಾರೆ, ಪಾಟೀಸವಾಲು ಇದೆ. ಮೇಲ್ಮನವಿಯಲ್ಲಿ ಇವು ಯಾವುವೂ ಇಲ್ಲ. ತೀರಾ ಅಪರೂಪಕ್ಕೆ ಹೆಚ್ಚುವರಿ ಸಾಕ್ಷ್ಯಕ್ಕೆ ಅವಕಾಶ ಸಿಗಬಹುದು. ಉಳಿದಂತೆ ಅಲ್ಲಿರುವುದು ಕಾಗದ ಮಾತ್ರ. ಸಾಕ್ಷಿಯ ಮುಖ, ಆಕೆ ತಡವರಿಸಿದ್ದು, ಸಿಟ್ಟಾದದ್ದು, ಕಣ್ಣು ಒರೆಸಿಕೊಂಡದ್ದು ಯಾವುದೂ ಮೇಲಕ್ಕೆ ಬರುವುದಿಲ್ಲ. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮದಲ್ಲಿ ಅವಕಾಶವಿದೆ. ಅಂಥ ಟಿಪ್ಪಣಿಯನ್ನು ನಾನು ಕಂಡದ್ದು ತೀರಾ ಕಡಿಮೆ. ಬರುವುದು ಅಕ್ಷರಗಳು ಮಾತ್ರ. ಆದ್ದರಿಂದ ಮೇಲ್ಮನವಿ ಎಂದರೆ ಮೊದಲಿಗೆ ಒಂದು ಓದು. ಸಾಹಿತ್ಯದ ವಿದ್ಯಾರ್ಥಿ ಒಂದು ಕವಿತೆಯನ್ನು ಓದುವಾಗ ಯಾವ ಎಚ್ಚರ ಇಟ್ಟುಕೊಳ್ಳುತ್ತಾನೋ ಅದೇ ಎಚ್ಚರ ಇಲ್ಲಿಯೂ ಬೇಕು. ಕವಿತೆಯನ್ನು ತಪ್ಪಾಗಿ ಓದಿದರೆ ಯಾರ ಮನೆಯೂ ಹೋಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಮೊದಲ ಮೇಲ್ಮನವಿ ಸಂಹಿತೆಯ 96ನೇ ಕಲಮಿನಡಿ ಬರುತ್ತದೆ. ಅಲ್ಲಿ ಸಂಗತಿ, ಕಾನೂನು ಎರಡನ್ನೂ ಮರುಪರಿಶೀಲಿಸಬಹುದು. ಎರಡನೆಯ ಮೇಲ್ಮನವಿ 100ನೇ ಕಲಮಿನಡಿ ಹೈಕೋರ್ಟಿಗೆ ಹೋಗುತ್ತದೆ. 1976ರ ತಿದ್ದುಪಡಿಯ ನಂತರ ಅದರ ಬಾಗಿಲು ಕಿರಿದಾಗಿದೆ. ಪ್ರಕರಣದಲ್ಲಿ ಮಹತ್ವದ ಕಾನೂನು ಪ್ರಶ್ನೆಯೊಂದು ಇದ್ದರೆ ಮಾತ್ರ ಒಳಗೆ ಪ್ರವೇಶ. ಆ ಪ್ರಶ್ನೆಯನ್ನು ಮೇಲ್ಮನವಿದಾರರೇ ನಿಖರವಾಗಿ ಬರೆದು ಕೊಡಬೇಕು, ನ್ಯಾಯಾಲಯ ಒಪ್ಪಿದರೆ ಅದನ್ನು ರೂಪಿಸಬೇಕು, ಮುಂದಿನ ವಾದವೆಲ್ಲ ಅದರ ಮೇಲೆಯೇ ನಡೆಯಬೇಕು. ಪ್ರಶ್ನೆ ಇಲ್ಲವೆಂದು ಕಂಡರೆ ಎದುರು ಪಕ್ಷಕ್ಕೆ ನೋಟಿಸು ಕೂಡ ಹೋಗದೆ ಅಡ್ಮಿಶನ್ ಹಂತದಲ್ಲೇ ವಜಾ. ವರ್ಷಗಟ್ಟಲೆ ನಡೆದ ದಾವೆಯೊಂದು ಕೆಲವು ನಿಮಿಷಗಳಲ್ಲಿ ಮುಗಿದುಹೋಗುವುದು ಹೀಗೆ.

ಹಾಗೆ ಮುಗಿದುಹೋದ ಒಂದು ಪ್ರಕರಣವನ್ನು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಸುಮಾರು ಹದಿನೆಂಟು ವರ್ಷ ಹಿಂದಿನ ಮಾತು. ನಾನು ಆಗ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್. ಹಳೇ ಮೈಸೂರು ಕಡೆಯ ಒಂದು ಹಳ್ಳಿಯ ಹೆಣ್ಣುಮಗಳು ನಮ್ಮ ಕಕ್ಷಿದಾರಳು. ತಂದೆ ಸ್ವಂತ ದುಡಿಮೆಯಿಂದ ಮಾಡಿದ ಎರಡೂವರೆ ಎಕರೆ ಗದ್ದೆ. ತಾಯಿ ಮೊದಲೇ ತೀರಿಕೊಂಡಿದ್ದರು. ಆಮೇಲೆ ತಂದೆಯೂ ಉಯಿಲು ಬರೆಯದೆ ತೀರಿಕೊಂಡರು. ಉಳಿದವರು ಇಬ್ಬರು ಗಂಡುಮಕ್ಕಳು ಮತ್ತು ಈಕೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 8 ಮತ್ತು 10ನೇ ಕಲಮುಗಳ ಪ್ರಕಾರ ಮೂವರಿಗೂ ಸಮಪಾಲು. ಕಾನೂನಿನ ಮಟ್ಟಿಗೆ ಇದಕ್ಕಿಂತ ಸರಳವಾದ ದಾವೆ ಇರಲಾರದು. ವಿಚಾರಣಾ ನ್ಯಾಯಾಲಯ ಆಕೆಗೆ ಮೂರನೇ ಒಂದು ಪಾಲು ಕೊಟ್ಟು ಡಿಕ್ರಿ ಮಾಡಿತು. ಅಣ್ಣತಮ್ಮಂದಿರು ಅಪೀಲು ಹೋದರು. ಮೊದಲ ಮೇಲ್ಮನವಿ ನ್ಯಾಯಾಲಯ ಆ ಡಿಕ್ರಿಯನ್ನು ರದ್ದು ಮಾಡಿತು. ಕಾರಣ, ಆಕೆಯ ಪಾಟೀಸವಾಲಿನ ಒಂದು ವಾಕ್ಯ.

ಕಡತದಲ್ಲಿದ್ದ ಆ ವಾಕ್ಯ ಇದು: 'ನನ್ನ ಮದುವೆ ಕಾಲದಲ್ಲಿ ನನ್ನ ತಂದೆಯವರು ನನಗೆ ಕೊಡುವುದನ್ನೆಲ್ಲ ಕೊಟ್ಟಿದ್ದಾರೆ ಎಂದರೆ ಸರಿ.'

ಮೇಲ್ಮನವಿ ನ್ಯಾಯಾಲಯದ ತೀರ್ಪು ಇಂಗ್ಲಿಷಿನಲ್ಲಿತ್ತು. ವಾದಿ ತನಗೆ ಸಲ್ಲಬೇಕಾದುದು ಸಂದಿದೆಯೆಂದು ಒಪ್ಪಿಕೊಂಡಿರುವುದರಿಂದ ಆಕೆಗೆ ಇನ್ನು ಪಾಲಿಲ್ಲ ಎಂಬುದು ಅದರ ಸಾರ. ಹೈಕೋರ್ಟಿಗೆ ಹೋಗುವಾಗ ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸುವುದು ರೂಢಿ. ನಮ್ಮ ಕಚೇರಿಯಲ್ಲಿ ಆ ಕೆಲಸ ನನ್ನದು. ಒಂದು ರಾತ್ರಿ ಕೂತು ನಲವತ್ತು ಪುಟ ಅನುವಾದ ಮಾಡಿದೆ. ಆ ವಾಕ್ಯ ಬಂದಾಗ ತೀರ್ಪಿನಲ್ಲಿದ್ದ ಇಂಗ್ಲಿಷ್ ಮಾತನ್ನೇ ಎತ್ತಿಕೊಂಡು 'ಆಲ್ ದಟ್ ವಾಸ್ ಡ್ಯೂ ಟು ಮಿ' ಎಂದು ಬರೆದೆ. ನ್ಯಾಯಾಧೀಶರೇ ಹಾಗೆ ಬರೆದಿದ್ದಾರೆ, ನನ್ನದೇನು ಎಂದುಕೊಂಡೆ. ನಾವು ನಮ್ಮ ಕಕ್ಷಿದಾರಳ ಪರ ಹಾಕಿದ ಅಪೀಲಿಗೆ, ಆಕೆಯನ್ನು ಸೋಲಿಸಿದ ಓದನ್ನೇ ನಾನು ನನ್ನ ಕೈಯಾರೆ ಅಂಟಿಸಿದೆ.

ಅಡ್ಮಿಶನ್ ದಿನ ಪೀಠದಿಂದ ಬಂದದ್ದು ಒಂದೇ ಪ್ರಶ್ನೆ: ನಿಮ್ಮ ಕಕ್ಷಿದಾರರೇ ಒಪ್ಪಿಕೊಂಡಿದ್ದಾರೆ, ಇಲ್ಲಿ ಕಾನೂನಿನ ಪ್ರಶ್ನೆ ಎಲ್ಲಿದೆ? ನಮ್ಮ ಮೆಮೊದಲ್ಲಿ ಮೂವತ್ತೊಂದು ಗ್ರೌಂಡುಗಳಿದ್ದವು. ಒಂದರಲ್ಲಿಯೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅಪೀಲು ವಜಾ ಆಯಿತು. ಪೀಠದ ತಪ್ಪೆಂದು ನಾನು ಹೇಳುತ್ತಿಲ್ಲ. ನಾವು ಕೊಟ್ಟ ಕಾಗದದಲ್ಲಿ ಇದ್ದದ್ದನ್ನೇ ಅವರು ಓದಿದರು.

ಹೊರಗೆ ಬೆಂಚಿನ ಮೇಲೆ ಆಕೆ ಕೂತಿದ್ದಳು.

'ಏನಾಯ್ತು ಸಾರ್?'

'ವಜಾ ಆಯ್ತಮ್ಮ. ಬರಬೇಕಾದ್ದೆಲ್ಲ ಬಂದಿದೆ ಅಂತ ನೀವೇ ಹೇಳಿದೀರಲ್ಲ.'

'ನಾನೆಲ್ಲಿ ಹಂಗಂದೆ ಸಾರ್? ಮದ್ವೇಲಿ ಕೊಡೋದು ಕೊಟ್ಟವ್ರೆ ಅಂದೆ. ಅಷ್ಟು ಜನರ ಮುಂದೆ ನಮ್ಮಪ್ಪ ಏನೂ ಕೊಡ್ನಿಲ್ಲ ಅಂತ ಅನ್ನಕ್ಕಾಯ್ತದಾ?'

ಆ ಬೆಂಚಿನ ಮುಂದೆ ನಿಂತು ನಾನು ಕಲಿತದ್ದನ್ನು ಯಾವ ಕಾನೂನು ಪುಸ್ತಕವೂ ಕಲಿಸಿರಲಿಲ್ಲ. 'ಕೊಡೋದು' ಎಂಬ ಮಾತಿನಲ್ಲಿ ಹಕ್ಕಿಲ್ಲ, ರೂಢಿಯಿದೆ. ಮದುವೆಗೆ ಎರಡು ಒಡವೆ, ಸೀರೆ, ಪಾತ್ರೆ, ಊಟ. ಹೆಣ್ಣು ಹೆತ್ತವರು ಕೊಡುವ ಕ್ರಮ ಅದು. 'ಡ್ಯೂ' ಎಂಬ ಮಾತಿನಲ್ಲಿ ಬಾಕಿಯಿದೆ, ಲೆಕ್ಕವಿದೆ, ಲೆಕ್ಕ ಚುಕ್ತಾ ಆದದ್ದಿದೆ. ಸತ್ತ ತಂದೆಯ ಮರ್ಯಾದೆ ಉಳಿಸಲು ಮಗಳೊಬ್ಬಳು ಆಡಿದ ಮಾತು ನನ್ನ ಅನುವಾದದಲ್ಲಿ ಆಕೆಯ ಆಸ್ತಿಯ ರಸೀದಿಯಾಗಿ ಬದಲಾಯಿತು.

ಇನ್ನೊಂದು ಸಂಗತಿ ಗಮನಿಸಿ. ಆ ವಾಕ್ಯ ಕನ್ನಡದಲ್ಲಿಯೂ ಪೂರ್ತಿ ಆಕೆಯದಲ್ಲ. ನಮ್ಮ ಕೋರ್ಟುಗಳಲ್ಲಿ ಪಾಟೀಸವಾಲನ್ನು ಬರೆಸುವ ರೀತಿ ನಿಮಗೆ ಗೊತ್ತಿರಬಹುದು. ವಕೀಲರು ಪ್ರಶ್ನೆ ಕೇಳುತ್ತಾರೆ, ಸಾಕ್ಷಿ 'ಹೂಂ' ಎನ್ನುತ್ತಾರೆ ಅಥವಾ 'ಇಲ್ಲ' ಎನ್ನುತ್ತಾರೆ. ನ್ಯಾಯಾಧೀಶರು ಪ್ರಶ್ನೆ ಉತ್ತರ ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ಬೆರಳಚ್ಚುಗಾರರಿಗೆ ಹೇಳಿ ಬರೆಸುತ್ತಾರೆ. ಹಾಗೆ ಹುಟ್ಟುವುದು 'ಎಂದರೆ ಸರಿ', 'ಎಂದರೆ ಸರಿಯಲ್ಲ' ಎಂಬ ಬಾಲಗಳು. ಬಾಲ ಸಾಕ್ಷಿಯದು, ಮೈ ಎದುರು ಪಕ್ಷದ ವಕೀಲರದು. ಇಂಗ್ಲಿಷಿಗೆ ಹೋಗುವಾಗ ಈ ಬಾಲ ಎಷ್ಟೋ ಸಲ ಉದುರಿಹೋಗುತ್ತದೆ. ಆಗ ವಕೀಲರ ವಾಕ್ಯವೇ ಸಾಕ್ಷಿಯ ಸ್ವಂತ ಹೇಳಿಕೆಯಾಗಿ ಮೇಲಿನ ಕೋರ್ಟಿನಲ್ಲಿ ಎದ್ದು ನಿಲ್ಲುತ್ತದೆ.

ಇಷ್ಟಾದರೂ ಆ ಅಪೀಲಿನಲ್ಲಿ ಕಾನೂನಿನ ಪ್ರಶ್ನೆ ಇತ್ತು. ನನ್ನ ಕೆಟ್ಟ ಅನುವಾದವನ್ನೇ ಸರಿಯೆಂದು ಹಿಡಿದರೂ ಇತ್ತು. ಮದುವೆಯಾದಾಗ ತಂದೆ ಬದುಕಿದ್ದರು. ಗದ್ದೆ ಅವರ ಸ್ವಯಾರ್ಜಿತ. ಆಗ ಮಗಳಿಗೆ ಅದರಲ್ಲಿ ಹಕ್ಕೇ ಹುಟ್ಟಿರಲಿಲ್ಲ. ಮುಂದೆ ಬರಬಹುದು ಎಂಬ ನಿರೀಕ್ಷೆ ಮಾತ್ರ ಇತ್ತು. ಅಂಥ ನಿರೀಕ್ಷೆಯನ್ನು ವರ್ಗಾಯಿಸಲಾಗದು ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 6ನೇ ಕಲಮೇ ಹೇಳುತ್ತದೆ. ಹಣ ಪಡೆದು, ಮುಂದೆ ಪಾಲು ಕೇಳುವುದಿಲ್ಲವೆಂದು ಒಪ್ಪಿ, ಅದನ್ನು ನಂಬಿ ಬೇರೆಯವರು ನಡೆದುಕೊಂಡಿದ್ದರೆ ಆ ಮಾತು ಆಕೆಯನ್ನು ಕಟ್ಟಿಹಾಕಬಹುದು. ಆದರೆ ಅಂಥ ಒಪ್ಪಂದಕ್ಕೆ ಸಾಕ್ಷ್ಯ ಬೇಕು. ಇಲ್ಲಿ ಒಡವೆ ಬಿಟ್ಟರೆ ಏನೂ ಇರಲಿಲ್ಲ. ಸಾಕ್ಷಿಯ ಒಪ್ಪಿಗೆ ಅಂತಿಮ ರುಜುವಾತಲ್ಲ, ಅದನ್ನು ವಿವರಿಸಿ ತೋರಿಸಬಹುದು ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ನಿಯಮ. ಅದಕ್ಕೂ ಮಿಗಿಲಾಗಿ, ವಿಚಾರಣಾ ನ್ಯಾಯಾಲಯದ ತೀರ್ಪನ್ನು ತಿರುವಿಹಾಕುವ ಮೇಲ್ಮನವಿ ನ್ಯಾಯಾಲಯ ಆ ತೀರ್ಪಿನ ಕಾರಣಗಳನ್ನು ಹತ್ತಿರದಿಂದ ಎದುರಿಸಿ ಉತ್ತರಿಸಬೇಕು ಎಂದು ಸುಪ್ರೀಂ ಕೋರ್ಟು 2001ರಲ್ಲಿ ಸಂತೋಷ್ ಹಜಾರಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಇದೆಲ್ಲ ನಮ್ಮ ಕೈಯಲ್ಲಿತ್ತು. ಒಂದು ವಾಕ್ಯದಲ್ಲಿ ಕೇಳಬಹುದಾಗಿತ್ತು: ತಂದೆ ಬದುಕಿದ್ದಾಗ ಮದುವೆಗೆ ಕೊಟ್ಟ ಒಡವೆಯಿಂದಲೇ, ತಂದೆ ಸತ್ತ ಮೇಲೆ ಹುಟ್ಟುವ ಮಗಳ ಪಾಲು ಇಲ್ಲವಾಗುತ್ತದೆಯೇ? ಈ ವಾಕ್ಯ ಮೂವತ್ತೊಂದು ಗ್ರೌಂಡುಗಳಲ್ಲಿ ಇರಲಿಲ್ಲ.

ಹಾಗಾದರೆ ಏನಿತ್ತು? ಎಲ್ಲ ಮೆಮೊಗಳಲ್ಲಿ ಇರುವುದೇ ಇತ್ತು. ತೀರ್ಪು ಕಾನೂನಿಗೆ, ಸಂಗತಿಗಳಿಗೆ, ಸಂಭಾವ್ಯತೆಗೆ ವಿರುದ್ಧವಾಗಿದೆ. ನ್ಯಾಯಾಲಯ ಸಾಕ್ಷ್ಯವನ್ನು ಸರಿಯಾಗಿ ಪರಿಗಣಿಸಿಲ್ಲ. ದಾಖಲೆಗಳನ್ನು ಗಮನಿಸಿಲ್ಲ. ತೀರ್ಪು ಊಹಾಪೋಹಗಳಿಂದ ಕೂಡಿದೆ. ಇವನ್ನು ಹಳೆಯ ಕೇಸಿನ ಕಡತದಿಂದ ಎತ್ತಿ, ಹೆಸರು ಬದಲಿಸಿ, ಹೊಸ ಕೇಸಿಗೆ ಇಳಿಸಿದ್ದೆವು. ಬಾಡಿಗೆ ದಾವೆಗೂ ಇದೇ, ಪಾಲು ದಾವೆಗೂ ಇದೇ, ಬಾವಿಯ ನೀರಿನ ದಾವೆಗೂ ಇದೇ. ಯಾವ ಬಾಗಿಲಿಗೂ ಹೊಂದುವ ಬೀಗದ ಕೈ ಯಾವ ಬಾಗಿಲನ್ನೂ ತೆರೆಯುವುದಿಲ್ಲ.

ಸಂಹಿತೆಯ 41ನೇ ಆದೇಶದ 1ನೇ ನಿಯಮವನ್ನು ಒಮ್ಮೆ ತೆಗೆದು ಓದಿ. ಆಕ್ಷೇಪದ ಕಾರಣಗಳನ್ನು ಸಂಕ್ಷಿಪ್ತವಾಗಿ, ಬೇರೆ ಬೇರೆ ತಲೆಬರಹದಡಿ, ಕ್ರಮಸಂಖ್ಯೆ ಕೊಟ್ಟು ಬರೆಯಬೇಕು. ವಾದವಾಗಲಿ ಕಥನವಾಗಲಿ ಇರಕೂಡದು. ನೂರು ವರ್ಷಕ್ಕೂ ಹಳೆಯ ಸಂಹಿತೆ ಇಷ್ಟು ಸ್ಪಷ್ಟವಾಗಿ ಹೇಳಿದೆ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಸಂಕ್ಷೇಪ ಬಿಟ್ಟು ವಿಸ್ತರಿಸುತ್ತೇವೆ. ವಾದವನ್ನೂ ಕಥೆಯನ್ನೂ ಸೇರಿಸುತ್ತೇವೆ. ಕೇಳಿದರೆ ನನ್ನ ಸ್ನೇಹಿತರು ಮುಂದಿನ ನಿಯಮವನ್ನು ತೋರಿಸುತ್ತಾರೆ: ಮೆಮೊದಲ್ಲಿ ಇಲ್ಲದ ಕಾರಣವನ್ನು ಅನುಮತಿಯಿಲ್ಲದೆ ವಾದಿಸಕೂಡದು ಎಂದಿದೆಯಲ್ಲ, ಆದ್ದರಿಂದ ಎಲ್ಲವನ್ನೂ ಹಾಕಿಬಿಡುವುದು ಕ್ಷೇಮ. ಆದರೆ ಅದೇ ನಿಯಮದಲ್ಲಿ, ನ್ಯಾಯಾಲಯ ಮೆಮೊದ ಕಾರಣಗಳಿಗಷ್ಟೇ ಕಟ್ಟುಬೀಳಬೇಕಿಲ್ಲ ಎಂದೂ ಇದೆ. ಅದನ್ನು ಯಾಕೆ ಓದುವುದಿಲ್ಲ? ಮೂವತ್ತು ಗ್ರೌಂಡು ಹಾಕುವುದು ಎಚ್ಚರಿಕೆಯ ಲಕ್ಷಣವಲ್ಲ. ಯಾವುದು ಮುಖ್ಯವೆಂದು ನನಗೆ ಗೊತ್ತಿಲ್ಲ, ನೀವೇ ಹುಡುಕಿಕೊಳ್ಳಿ ಎಂದು ನ್ಯಾಯಮೂರ್ತಿಗಳಿಗೆ ಬರೆದುಕೊಡುವ ತಪ್ಪೊಪ್ಪಿಗೆ ಅದು.

ಇನ್ನು ಅನುವಾದದ ಮಾತು. ಹಲವು ಕಚೇರಿಗಳಲ್ಲಿ ಇದು ಎಲ್ಲಕ್ಕಿಂತ ಕೀಳಾದ ಕೆಲಸ. ಪುಟಕ್ಕಿಷ್ಟು ಎಂದು ಹೊರಗೆ ಕೊಡುತ್ತಾರೆ. ಇಲ್ಲವಾದರೆ ನಿನ್ನೆ ಸೇರಿದ ಜೂನಿಯರನ್ನು ಕರೆದು 'ನಿನಗೆ ಕನ್ನಡ ಬರುತ್ತಲ್ಲ, ಮಾಡಿಬಿಡು' ಎನ್ನುತ್ತಾರೆ. ಕನ್ನಡ ಬಂದರೆ ಸಾಕೇ? 'ಭೋಗ್ಯ' ಎಂಬ ಪದ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಮನೆ ಮಾಲೀಕರಿಗೆ ಇಡಿಗಂಟು ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದಕ್ಕೆ ಭೋಗ್ಯ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಅದನ್ನು ಲೀಸ್ ಎಂದು ಕರೆದು ರೂಢಿ. ಹಳ್ಳಿಯಲ್ಲಿ ಭೋಗ್ಯವೆಂದರೆ ಸಾಲಕ್ಕೆ ಜಮೀನನ್ನು ಸ್ವಾಧೀನ ಸಮೇತ ಅಡವಿಡುವುದು. ಲೀಸ್ ಆದರೆ ಒಂದು ಕಾನೂನು, ಅಡಮಾನವಾದರೆ ಪೂರಾ ಬೇರೆ ಕಾನೂನು. ಅವಧಿ ಗೊತ್ತುಮಾಡದ ಭೋಗ್ಯದ ಅಡಮಾನವನ್ನು, ಬರೆದ ದಿನದಿಂದ 30 ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಬಿಡಿಸಿಕೊಳ್ಳುವ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಅನುವಾದದಲ್ಲಿ 'ಲೀಸ್' ಎಂದು ಬಿದ್ದರೆ ಆ ತೀರ್ಪು ಪಕ್ಕದ ಕಪಾಟಿನಲ್ಲಿದ್ದರೂ ನಿಮ್ಮ ಕೈಗೆ ಸಿಗುವುದಿಲ್ಲ.

'ನಾವು ಹತ್ತು ವರ್ಷದಿಂದ ಬೇರೆ ಇದ್ದೀವಿ' ಎಂದು ಸಾಕ್ಷಿ ಹೇಳುತ್ತಾರೆ. ಒಲೆ ಬೇರೆಯೇ, ಮನೆ ಬೇರೆಯೇ, ಅಥವಾ ಆಸ್ತಿಯೇ ಬೇರೆಯಾಗಿದೆಯೇ? ಬೇರೆ ಮನೆ, ಬೇರೆ ಅಡುಗೆ ಎಂಬುದರಿಂದಲೇ ವಿಭಾಗವಾಗಿದೆ ಎನ್ನಲಾಗದು ಎಂಬುದು ಹಿಂದೂ ಕಾನೂನಿನಲ್ಲಿ ನೆಲೆಗೊಂಡ ಮಾತು. ಅನುವಾದಕ 'ಪಾರ್ಟಿಷನ್' ಎಂದು ಬರೆದರೆ ಅಲ್ಲಿಗೆ ದಾವೆ ಮುಗಿಯಿತು. 'ಆ ಜಮೀನು ಅವರೇ ಮಾಡ್ತಾ ಇದ್ದಾರೆ' ಎನ್ನುತ್ತಾರೆ. ಮಾಡುವುದು ಎಂದರೆ ಉಳುವುದು. ದಾಯಾದಿಯೊಬ್ಬ ಎಲ್ಲರ ಪರವಾಗಿ ಉಳುತ್ತಿರಬಹುದು, ವಾರಕ್ಕೆ ಮಾಡುತ್ತಿರಬಹುದು. ಅದು ಇಂಗ್ಲಿಷಿನಲ್ಲಿ 'ಪೊಸೆಷನ್' ಆದ ಕೂಡಲೇ ಎದುರು ಪಕ್ಷದವರು 12 ವರ್ಷದ ಪ್ರತಿಕೂಲ ಸ್ವಾಧೀನದ ಲೆಕ್ಕ ಶುರುಮಾಡುತ್ತಾರೆ. ಇದು ಹಳೇ ಮೈಸೂರಿನ ಮಾತಾಯಿತು. ಉತ್ತರ ಕರ್ನಾಟಕದ ಲಾವಣಿ, ಕರಾವಳಿಯ ಗೇಣಿ ಇವಕ್ಕೆಲ್ಲ ಒಂದೊಂದು ಚರಿತ್ರೆಯಿದೆ. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅವು ಕಾಯಂ ಆದವು. ಊರಿನಿಂದ ಹೈಕೋರ್ಟಿಗೆ ಇದ್ದ ದಾರಿ ಕಡಿಮೆಯಾಯಿತು. ಸಾಕ್ಷಿಯ ಬಾಯಿಂದ ನ್ಯಾಯಮೂರ್ತಿಗಳ ಮೇಜಿಗೆ ಇರುವ ದಾರಿ ಮಾತ್ರ ಅಷ್ಟೇ ಉದ್ದ ಉಳಿದಿದೆ.

ಇಲ್ಲಿ ಕನ್ನಡಪರ ಗೆಳೆಯರು ನನ್ನನ್ನು ತಡೆಯುತ್ತಾರೆ. ಹೈಕೋರ್ಟಿನ ಭಾಷೆ ಕನ್ನಡವಾಗಲಿ, ಈ ಗೋಳೇ ಇರುವುದಿಲ್ಲ ಎನ್ನುತ್ತಾರೆ. ಆಗಲಿ, ನಾನೂ ಅದರ ಪರವೇ. ಸಂವಿಧಾನದ 348ನೇ ವಿಧಿ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿರಬೇಕು ಎನ್ನುತ್ತದೆ. ಅದೇ ವಿಧಿಯ ಎರಡನೇ ಖಂಡ, ರಾಷ್ಟ್ರಪತಿಗಳ ಪೂರ್ವಾನುಮತಿ ಪಡೆದು ರಾಜ್ಯದ ಆಡಳಿತ ಭಾಷೆಗೂ ಅವಕಾಶ ಕೊಡಬಹುದು ಎನ್ನುತ್ತದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹೀಗೆ ಹಿಂದಿಗೆ ಅವಕಾಶ ಸಿಕ್ಕಿದೆ. ಕನ್ನಡಕ್ಕೂ ಸಿಗಬೇಕು. ಆದರೆ ಆ ಹೆಣ್ಣುಮಗಳ ಕೇಸಿಗೆ ಮರಳಿ ಬನ್ನಿ. ಮೊದಲ ಮೇಲ್ಮನವಿ ನ್ಯಾಯಾಲಯದ ಮುಂದೆ ಇದ್ದದ್ದು ಕನ್ನಡದ ಮೂಲ ಹೇಳಿಕೆಯೇ. ಅಣ್ಣತಮ್ಮಂದಿರ ವಕೀಲರು ಕನ್ನಡಿಗರು, ನಮ್ಮ ಕಡೆಯವರು ಕನ್ನಡಿಗರು, ಅನುವಾದ ಮಾಡಿದ ನಾನು ಆಕೆಯ ಸೀಮೆಯವನೇ. ನಮ್ಮ ಮನೆಯಲ್ಲಿಯೂ ಹೆಣ್ಣುಮಕ್ಕಳ ಮದುವೆಯಾದಾಗ 'ಕೊಡೋದು ಕೊಟ್ವಿ' ಎಂದೇ ಹೇಳುತ್ತಾರೆ. ಅಷ್ಟೂ ಜನ ಕನ್ನಡಿಗರು ಸೇರಿ ಒಂದು ಕನ್ನಡ ವಾಕ್ಯವನ್ನು ಓದಲಿಲ್ಲ. ಭಾಷೆ ಬದಲಾದರೆ ಓದು ತಾನಾಗಿಯೇ ಬರುತ್ತದೆ ಎಂಬ ಭರವಸೆ ನನಗಿಲ್ಲ. ಕಾನೂನು ತಿದ್ದುಪಡಿಗೆ ದೆಹಲಿಯ ದಾರಿ ನೋಡಬೇಕು. ಕಡತದ ಕನ್ನಡ ಪುಟವನ್ನು ಓದಲು ಯಾರ ಅನುಮತಿಯೂ ಬೇಕಿಲ್ಲ.

ಇನ್ನು ಕೆಲವರು ಯಂತ್ರ ತೋರಿಸುತ್ತಾರೆ. ತೀರ್ಪುಗಳ ಅನುವಾದಕ್ಕೆಂದು ಸುಪ್ರೀಂ ಕೋರ್ಟು 2019ರಲ್ಲಿ 'ಸುವಾಸ್' ಎಂಬ ತಂತ್ರಾಂಶ ತಂದಿತು. ಇಂದು ಎಷ್ಟೋ ತೀರ್ಪುಗಳು ಕನ್ನಡದಲ್ಲಿ ಸಿಗುತ್ತಿವೆ, ಒಳ್ಳೆಯದೇ. ಆದರೆ ಇದು ಮೇಲಿನಿಂದ ಕೆಳಗೆ ಹರಿಯುವ ಅನುವಾದ. ನ್ಯಾಯಮೂರ್ತಿಗಳು ಏನು ಹೇಳಿದರೆಂದು ಜನರಿಗೆ ತಿಳಿಯುತ್ತದೆ. ಜನರು ಏನು ಹೇಳಿದರೆಂದು ನ್ಯಾಯಮೂರ್ತಿಗಳಿಗೆ ತಿಳಿಸುವ ಅನುವಾದ, ಅಂದರೆ ಕೆಳಗಿನಿಂದ ಮೇಲೆ ಹೋಗುವುದು, ಈಗಲೂ ನಿದ್ದೆಗೆಟ್ಟ ಜೂನಿಯರಿನ ಕೈಯಲ್ಲಿದೆ. ಈಗ ಆ ಜೂನಿಯರ್ ಕೂಡ ಪುಟವನ್ನು ಮೊಬೈಲಿಗೆ ತಿನ್ನಿಸುತ್ತಾನೆ. ಬರುವ ಇಂಗ್ಲಿಷ್ ನಯವಾಗಿರುತ್ತದೆ. ಅಪಾಯ ಇರುವುದು ಆ ನಯದಲ್ಲಿಯೇ. ನನ್ನ ಹರಕು ಇಂಗ್ಲಿಷಿನಲ್ಲಾದರೂ ಎಲ್ಲೋ ಒಂದು ಕಡೆ ಎಡವಿ ಮೂಲವನ್ನು ನೋಡೋಣ ಅನ್ನಿಸುತ್ತಿತ್ತು. ನಯವಾದದ್ದನ್ನು ಯಾರೂ ಅನುಮಾನಿಸುವುದಿಲ್ಲ.

'ಸಮಯ ಎಲ್ಲಿದೆ?' ಎಂಬುದು ಕೊನೆಯ ಸಮರ್ಥನೆ. ನಿಜ, ಬೆಳಗಿನಿಂದ ಸಂಜೆಯವರೆಗೆ ಮೂರು ಹಾಲ್‌ಗಳ ನಡುವೆ ಓಡುತ್ತೇವೆ. ಕಕ್ಷಿದಾರರಿಗೂ ಜೋರಾಗಿ ಮಾತಾಡುವ ವಕೀಲರೇ ಬೇಕು. ಕೋಣೆಯಲ್ಲಿ ಕೂತು ಓದಿದ್ದಕ್ಕೆ ಫೀಸು ಕೊಡಲು ಯಾರಿಗೂ ಮನಸ್ಸಿಲ್ಲ. ಆದರೆ ಮೂವತ್ತೊಂದು ಗ್ರೌಂಡು ಬೆರಳಚ್ಚು ಮಾಡಿಸಲು ಸಮಯವಿತ್ತಲ್ಲ? ಹೈಕೋರ್ಟಿಗೆ ಅಪೀಲು ಹಾಕಲು ಕಾಲಮಿತಿ ಕಾಯಿದೆ 90 ದಿನ ಕೊಡುತ್ತದೆ. ನಲವತ್ತು ಪುಟದ ಸಾಕ್ಷ್ಯ ಓದಲು ಒಂದು ಸಂಜೆ ಸಾಕು. ನಮ್ಮಲ್ಲಿ ಕೊರತೆಯಿರುವುದು ಸಮಯಕ್ಕಲ್ಲ. ಸಾಕ್ಷಿಯ ಮಾತಿನಲ್ಲಿ ಓದುವಂಥದ್ದು ಏನೋ ಇದೆ ಎಂಬ ನಂಬಿಕೆಯೇ ಇಲ್ಲ. ಹಳ್ಳಿಯವರು ಏನೋ ಹೇಳಿದ್ದಾರೆ, ಮುಖ್ಯವಾದದ್ದೆಲ್ಲ ತೀರ್ಪಿನಲ್ಲಿದೆ ಎಂದು ನಾವು ಒಳಗೊಳಗೇ ತೀರ್ಮಾನಿಸಿದ್ದೇವೆ. ಈ ತಾತ್ಸಾರಕ್ಕೆ ನಾವು ಕೊಟ್ಟುಕೊಂಡಿರುವ ಗೌರವದ ಹೆಸರು ಕೆಲಸದ ಒತ್ತಡ.

ಬೈದದ್ದು ಸಾಕು. ಆ ಹುಡುಗನಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳುತ್ತೇನೆ. ಇವು ನನ್ನ ಸಂಶೋಧನೆಯೇನಲ್ಲ, ಸೋತು ಕಲಿತದ್ದು.

ಅಪೀಲಿನ ಕಡತ ಬಂದಾಗ ತೀರ್ಪನ್ನು ಕೊನೆಗೆ ಓದು. ಮೊದಲು ವಾದಪತ್ರ, ಪ್ರತಿವಾದ ಪತ್ರ, ಆಮೇಲೆ ಕನ್ನಡದಲ್ಲಿರುವ ಸಾಕ್ಷ್ಯ. ಪಾಟೀಸವಾಲನ್ನು ಗಟ್ಟಿಯಾಗಿ ಓದು. ಕಿವಿಗೆ ಬಿದ್ದಾಗ ಯಾವುದು ಸಾಕ್ಷಿಯ ಮಾತು, ಯಾವುದು ವಕೀಲರ ಮಾತು ಎಂದು ತಾನಾಗಿ ಬೇರ್ಪಡುತ್ತದೆ. ತೀರ್ಪನ್ನು ಮೊದಲು ಓದಿದರೆ ಸಾಕ್ಷ್ಯವನ್ನು ಅದರ ಕಣ್ಣಿನಿಂದಲೇ ನೋಡುತ್ತೀಯೆ. ನಾನು ಮಾಡಿದ್ದು ಅದನ್ನೇ.

ಮೆಮೊ ಬರೆಯುವ ಮೊದಲು ಇಡೀ ಅಪೀಲನ್ನು ಒಂದು ಕನ್ನಡ ವಾಕ್ಯದಲ್ಲಿ ಬರೆ. ಅದನ್ನು ಕಕ್ಷಿದಾರರಿಗೆ ಓದಿ ಹೇಳು. 'ಹೌದು, ನಾನು ಕೇಳ್ತಿರೋದು ಇದನ್ನೇ' ಎಂದು ಅವರು ಅಂದರೆ ಆಮೇಲೆ ಇಂಗ್ಲಿಷಿಗೆ ತಾ. ಅಂಥ ವಾಕ್ಯ ಎಷ್ಟು ಪ್ರಯತ್ನಿಸಿದರೂ ಬರದಿದ್ದರೆ ಅಲ್ಲಿ ಅಪೀಲಿಲ್ಲ ಎಂದರ್ಥ. ಹಾಗೆಂದು ಅವರಿಗೆ ಹೇಳಿ ಕಳಿಸುವುದೂ ವಕೀಲಿಕೆಯೇ. ಇಲ್ಲದ ಪ್ರಶ್ನೆಗೆ ಫೀಸು ತೆಗೆದುಕೊಂಡು ಇನ್ನೈದು ವರ್ಷ ಆಸೆ ಮಾರುವುದು ವಕೀಲಿಕೆಯಲ್ಲ.

ನಿನಗೆ ವಿರುದ್ಧವಾದ ವಾಕ್ಯವನ್ನು ನೀನೇ ಮೊದಲು ತೋರಿಸು. ಪುಟ ಹೇಳು, ಸಾಲು ಹೇಳು. ಅದು ಹೇಗೂ ಹೊರಗೆ ಬರುತ್ತದೆ. ನಿನ್ನ ಬಾಯಿಂದ ಬಂದರೆ ವಿವರಣೆ ಜೊತೆಗೆ ಬರುತ್ತದೆ, ಎದುರಿನವರ ಬಾಯಿಂದ ಬಂದರೆ ಆರೋಪವಾಗಿ ಬರುತ್ತದೆ. ತಕರಾರಿನ ಪದವಿದ್ದರೆ ಅನುವಾದದ ಪಕ್ಕದಲ್ಲೇ ಕನ್ನಡದ ಮೂಲ ವಾಕ್ಯವನ್ನು ಹಾಕು. ಆ ಪದ ಆ ಸೀಮೆಯಲ್ಲಿ ಯಾವ ಅರ್ಥದಲ್ಲಿ ಬಳಕೆಯಲ್ಲಿದೆ ಎಂದು ಎರಡು ಸಾಲು ಬರೆ. ಬೇರೆ ರಾಜ್ಯದಿಂದ ಬಂದ ನ್ಯಾಯಮೂರ್ತಿಗಳು ಇಂಥ ಟಿಪ್ಪಣಿಯನ್ನು ಗಮನವಿಟ್ಟು ಓದಿ, ಮರುಪ್ರಶ್ನೆ ಕೇಳಿದ್ದನ್ನು ನಾನು ಕಂಡಿದ್ದೇನೆ. ಅವರಿಗೆ ಕನ್ನಡ ಬಾರದಿರುವುದು ತೊಡಕಲ್ಲ. ಅಲ್ಲೊಂದು ಕನ್ನಡವಿದೆ ಎಂದು ಅವರಿಗೆ ಯಾರೂ ಹೇಳದಿರುವುದು ತೊಡಕು.

ಕೊನೆಯದು, ಅಪೀಲು ವಿಚಾರಣಾ ನ್ಯಾಯಾಲಯದಲ್ಲೇ ಶುರುವಾಗುತ್ತದೆ. ನಿರ್ಣಾಯಕವಾದ ಪ್ರಶ್ನೆ ಬಂದಾಗ ಪ್ರಶ್ನೋತ್ತರ ರೂಪದಲ್ಲಿಯೇ ಬರೆದುಕೊಳ್ಳಿ ಎಂದು ಕೋರು. 18ನೇ ಆದೇಶದ 10ನೇ ನಿಯಮ ಅದಕ್ಕೆ ದಾರಿ ಕೊಡುತ್ತದೆ. ನಿನ್ನ ಸಾಕ್ಷಿಯ ಮಾತು ಎರಡು ಅರ್ಥಕ್ಕೆ ಎಡೆಮಾಡಿದರೆ ಮರುವಿಚಾರಣೆಯಲ್ಲಿ ಎದ್ದು ನಿಂತು ಕೇಳು: 'ಏನೇನು ಕೊಟ್ಟರಮ್ಮ?' ಆ ಒಂದು ಪ್ರಶ್ನೆಯನ್ನು ಅಂದು ಯಾರಾದರೂ ಕೇಳಿದ್ದರೆ, 'ಒಂದು ಸರ, ಎರಡು ಬಳೆ, ಆರು ಸೀರೆ' ಎಂದು ಉತ್ತರ ಬರುತ್ತಿತ್ತು. ಗದ್ದೆಯ ಮಾತು ಅದರಲ್ಲಿ ಇರುತ್ತಿರಲಿಲ್ಲ.

ಸಾಹಿತ್ಯದ ಗೆಳೆಯರಿಗೂ ಒಂದು ಮಾತಿದೆ. ಕಾನೂನು ನಮ್ಮದಲ್ಲ, ಒಣ ಭಾಷೆ ಎಂದು ನೀವು ದೂರ ಕೂತಿದ್ದೀರಿ. ಆಡುಮಾತು ಬರಹವಾಗುವಾಗ ಏನು ಕಳೆದುಹೋಗುತ್ತದೆ, ಅನುವಾದದಲ್ಲಿ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂದು ವಿಚಾರ ಸಂಕಿರಣಗಳಲ್ಲಿ ಚರ್ಚಿಸುತ್ತೀರಿ. ನಿಮ್ಮ ಊರಿನ ಕೋರ್ಟಿನಲ್ಲಿ ಕೆಲಸದ ದಿನಗಳಲ್ಲೆಲ್ಲ ಅದು ನಡೆಯುತ್ತಿದೆ. ಕನ್ನಡ ಎಂ.ಎ. ಮಾಡಿದ, ಪದದ ತೂಕ ಗೊತ್ತಿರುವ ಒಬ್ಬರು ಒಂದು ಅಪೀಲಿನ ಅನುವಾದವನ್ನು ಕೈಗೆತ್ತಿಕೊಂಡರೆ ಯಾರದೋ ಮೂರನೇ ಒಂದು ಪಾಲು ಉಳಿಯಬಹುದು.

ಆ ಹೆಣ್ಣುಮಗಳು ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ದುಡ್ಡಿರಲಿಲ್ಲ. ಆಕೆಯನ್ನು ಮತ್ತೆ ನಾನು ಕಂಡಿಲ್ಲ. ಅನುವಾದ ಮಾಡಿದವನು ನಾನೇ ಎಂದು ಆಕೆಗೆ ಹೇಳಿಯೂ ಇಲ್ಲ. ಆ ಹೇಳಿಕೆಯ ನಕಲು ನನ್ನ ಮೇಜಿನ ಖಾನೆಯಲ್ಲಿದೆ. ಕಚೇರಿಗೆ ಹೊಸದಾಗಿ ಬರುವ ಜೂನಿಯರುಗಳಿಗೆ ಮೊದಲ ದಿನ ಆ ಪುಟ ಕೊಟ್ಟು ಇಂಗ್ಲಿಷಿಗೆ ತರಲು ಹೇಳುತ್ತೇನೆ. ಹೆಚ್ಚಿನವರು ನಾನು ಬರೆದದ್ದನ್ನೇ ಬರೆಯುತ್ತಾರೆ. ಹೋದ ವರ್ಷ ಬಂದ ಹುಡುಗಿಯೊಬ್ಬಳು ಅರ್ಧ ಪುಟ ಮುಗಿಸಿ ಪೆನ್ನು ಕೆಳಗಿಟ್ಟು ನನ್ನ ಕೋಣೆಗೆ ಬಂದಳು.

'ಸರ್, ಕೊಡುವುದನ್ನೆಲ್ಲ ಅಂತ ಇದೆಯಲ್ಲ, ಇಲ್ಲಿ ಏನು ಕೊಡುವುದು?'

ಆಕೆ ಈಗ ನನ್ನ ಅಪೀಲುಗಳನ್ನು ಓದುತ್ತಾಳೆ.